ಅಟ್ರಿಬ್ಯೂಟ್‌ನೊಳಗಿರುವ ನೀರಿನ ಮಟ್ಟವನ್ನು ಗೇಜ್‌ನಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ: ಕಾಪು ಸಮೀಪದ ನಮ್ಮ ಮನೆಯಲ್ಲಿ ಹೋಮ್ ಅಸಿಸ್ಟೆಂಟ್ (ಮನೆಯ ಉಪಕರಣಗಳನ್ನು ಒಂದೇ ಕಡೆಯಿಂದ ನೋಡಿ ನಡೆಸುವ ತಂತ್ರಾಂಶ) ಬಳಸುತ್ತಿದ್ದೇವೆ. ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕಿಗೆ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿಸಿದ್ದೇನೆ. ಅದರ ಸ್ಟೇಟ್ (ಮುಖ್ಯ ಮೌಲ್ಯ) ‘ನಾರ್ಮಲ್’ ಅಥವಾ ‘ಲೋ’ ಎಂದಷ್ಟೇ ಬರುತ್ತದೆ. ನೀರಿನವರೆಗಿನ ದೂರವು ಸೆಂಟಿಮೀಟರ್ ಲೆಕ್ಕದಲ್ಲಿ ಅಟ್ರಿಬ್ಯೂಟ್ (ಸ್ಟೇಟಿಗೆ ಅಂಟಿಕೊಂಡ ಹೆಚ್ಚುವರಿ ಮಾಹಿತಿ) ಆಗಿ ಬರುತ್ತಿದೆ. ಅಂಕಿಯನ್ನು ಕಮಾನಿನ ಮೇಲೆ ತೋರಿಸುವ ಗೇಜ್ ಕಾರ್ಡಿಗೆ ಈ ಸೆನ್ಸರನ್ನು ಕೊಟ್ಟರೆ ಇದು ಸಂಖ್ಯೆಯಲ್ಲ ಎಂಬ ಎಚ್ಚರಿಕೆ ಕಾಣಿಸುತ್ತದೆ. ಹವಾಮಾನ ಎಂಟಿಟಿಯ (ಹೋಮ್ ಅಸಿಸ್ಟೆಂಟ್‌ನಲ್ಲಿ ಪ್ರತಿ ಸೆನ್ಸರ್, ಸಾಧನ ಅಥವಾ ಸೇವೆಗಿರುವ ನಮೂದೇ ಎಂಟಿಟಿ) ತೇವಾಂಶವನ್ನೂ ಏಸಿಯ ಕೋಣೆ ತಾಪಮಾನವನ್ನೂ ಗೇಜ್‌ನಲ್ಲಿ ತೋರಿಸುವ ಆಸೆಯಿದೆ. ಅಡುಗೆಮನೆಯ ಗೋಡೆಯಲ್ಲಿರುವ ಟ್ಯಾಬ್ಲೆಟ್ ನೋಡಿ ನನ್ನ ತಾಯಿ ಬಾವಿಯ ಪಂಪ್ ಹಾಕುತ್ತಾರೆ. ಮುಂದೆ ಪಂಪನ್ನೂ ಆಟೊಮೇಶನ್‌ಗೆ ಒಪ್ಪಿಸಬೇಕೆಂದಿದ್ದೇನೆ. ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಪಂಪಿನ ಬಗ್ಗೆ ಬರೆದ ಎರಡು ವಾಕ್ಯಗಳು ನನಗೆ ಬಹಳ ಮುಖ್ಯವಾಗಿ ಕಂಡವು. ಗೇಜ್ ನೋಡಿ ಒಬ್ಬರು ಪಂಪ್ ಹಾಕುತ್ತಾರೆ, ನಾಳೆ ಅದೇ ಅಂಕಿಯನ್ನು ನಂಬಿ ಯಂತ್ರವೇ ಪಂಪ್ ಹಾಕಲಿದೆ ಎಂದಾದರೆ, ಅಂಕಿಯನ್ನು ಪರದೆಯ ಮೇಲೆ ತರುವುದು ಕೆಲಸದ ಅರ್ಧ ಭಾಗ ಮಾತ್ರ. ಸೆನ್ಸರ್ ಕೆಟ್ಟಾಗ ಆ ಮುಳ್ಳು ಏನು ತೋರಿಸಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಬೇಕಾಗುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರಿಸುತ್ತೇನೆ.

ಮೊದಲು ಎಚ್ಚರಿಕೆ ಬರುವುದೇಕೆ ಎಂದು ನೋಡೋಣ. ಹೋಮ್ ಅಸಿಸ್ಟೆಂಟ್‌ನಲ್ಲಿ ಪ್ರತಿ ಎಂಟಿಟಿಗೂ ಒಂದೇ ಒಂದು ಸ್ಟೇಟ್ ಇರುತ್ತದೆ. ಅದಕ್ಕೆ ಅಂಟಿಕೊಂಡು ಎಷ್ಟಾದರೂ ಅಟ್ರಿಬ್ಯೂಟ್‌ಗಳು ಇರಬಹುದು. ಗೇಜ್ ಕಾರ್ಡ್ ಸಾಮಾನ್ಯವಾಗಿ ಓದುವುದು ಸ್ಟೇಟನ್ನು. ನಿಮ್ಮ ಸೆನ್ಸರಿನ ಸ್ಟೇಟ್ ‘ನಾರ್ಮಲ್’ ಎಂಬ ಪದವಾಗಿರುವುದರಿಂದ ಮುಳ್ಳನ್ನು ಎಲ್ಲಿ ನಿಲ್ಲಿಸಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಡೆವಲಪರ್ ಟೂಲ್ಸ್‌ನ ಸ್ಟೇಟ್ಸ್ ಪುಟವನ್ನು ತೆರೆದು ಸೆನ್ಸರಿನ ಹೆಸರನ್ನು ಹುಡುಕಿದರೆ, ಬಲಬದಿಯಲ್ಲಿ ಅಟ್ರಿಬ್ಯೂಟ್‌ಗಳ ಪಟ್ಟಿ ಕಾಣುತ್ತದೆ. ದೂರದ ಅಟ್ರಿಬ್ಯೂಟ್‌ನ ಹೆಸರು ಅಲ್ಲಿ ಯಾವ ಕಾಗುಣಿತದಲ್ಲಿದೆಯೋ ಅದೇ ಕಾಗುಣಿತದಲ್ಲಿ ಬರೆದುಕೊಳ್ಳಿ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅದರ ಮೌಲ್ಯ ಬರಿಯ ಅಂಕಿಯೇ, ಅಥವಾ ಅಂಕಿಯ ಜೊತೆ ‘ಸೆಂ.ಮೀ.’ ಎಂಬಂಥ ಅಕ್ಷರಗಳೂ ಸೇರಿವೆಯೇ ಎಂದು ಸಹ ನೋಡಿಕೊಳ್ಳಿ. ಅಕ್ಷರ ಸೇರಿದ್ದರೆ ಮೊದಲು ಅದನ್ನು ತೆಗೆದುಹಾಕಬೇಕಾಗುತ್ತದೆ.

ನಿಮ್ಮ ಆವೃತ್ತಿಯ ಗೇಜ್ ಕಾರ್ಡಿನ ಎಡಿಟರ್‌ನಲ್ಲಿ ಅಟ್ರಿಬ್ಯೂಟ್ ಆರಿಸುವ ಜಾಗವಿದ್ದರೆ ದೂರವನ್ನು ನೇರವಾಗಿಯೇ ತೋರಿಸಬಹುದು. ಸುಮ್ಮನೆ ನೋಡುವುದಕ್ಕಾದರೆ ಅದು ಸಾಕು. ಆದರೆ ನಿಮಗೆ ನಾನು ಆ ದಾರಿಯನ್ನು ಸೂಚಿಸುವುದಿಲ್ಲ. ದೂರ ಹೆಚ್ಚಿದಷ್ಟೂ ನೀರು ಕಡಿಮೆ ಎಂಬ ತಿರುಗುಮುರುಗು ಲೆಕ್ಕವನ್ನು ನಿಮ್ಮ ತಾಯಿ ಪ್ರತಿ ಸಲವೂ ಮನಸ್ಸಿನಲ್ಲೇ ಮಾಡಬೇಕಾಗುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ರೆಕಾರ್ಡರ್ ಎಂಬ ಭಾಗವು ಸಾಮಾನ್ಯ ಇತಿಹಾಸವನ್ನು, ನಾವು ಬದಲಾಯಿಸದಿದ್ದರೆ, 10 ದಿನ ಮಾತ್ರ ಉಳಿಸಿಕೊಳ್ಳುತ್ತದೆ. ಅದರಾಚೆ ಉಳಿಯುವುದು ಗಂಟೆಗೊಂದರಂತೆ ಲೆಕ್ಕ ಹಾಕಿಟ್ಟ ದೀರ್ಘಾವಧಿಯ ಅಂಕಿಅಂಶ. ಈ ದೀರ್ಘಾವಧಿಯ ದಾಖಲೆ ಅಟ್ರಿಬ್ಯೂಟ್‌ಗಳಿಗೆ ಸಿಗುವುದಿಲ್ಲ, ಸ್ಟೇಟ್ ಕ್ಲಾಸ್ (ಅಂಕಿ ಯಾವ ಬಗೆಯದೆಂದು ತಿಳಿಸುವ ಗುರುತು) ಹೊಂದಿದ ಸೆನ್ಸರುಗಳಿಗೆ ಮಾತ್ರ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಯ ಬಾವಿಗಳ ನೀರು ಇಳಿಯುವಾಗ, ಮನೆಯಲ್ಲಿ ದಿನಕ್ಕೆ ಎಷ್ಟು ನೀರು ಖರ್ಚಾಗುತ್ತಿದೆ ಎಂದು ಹಿಂದಿನ ವರ್ಷದೊಂದಿಗೆ ಹೋಲಿಸಿ ನೋಡುವ ಅಗತ್ಯ ಖಂಡಿತ ಬರುತ್ತದೆ. ಆಗ ನಿಮ್ಮ ಕೈಯಲ್ಲಿ ದಾಖಲೆ ಇರಬೇಕು.

ಆದ್ದರಿಂದ ಅಟ್ರಿಬ್ಯೂಟನ್ನು ಹೊರತೆಗೆದು ಅದಕ್ಕೆ ತನ್ನದೇ ಆದ ಒಂದು ಟೆಂಪ್ಲೇಟ್ ಸೆನ್ಸರ್ (ಬೇರೆ ಎಂಟಿಟಿಯ ಮೌಲ್ಯದಿಂದ ನಾವು ಬರೆದ ಸೂತ್ರದಂತೆ ಲೆಕ್ಕ ಹಾಕುವ ಸೆನ್ಸರ್) ಮಾಡಿಕೊಡಿ. ಸೆಟ್ಟಿಂಗ್ಸ್‌ನ ಹೆಲ್ಪರ್ ಪುಟದಿಂದಲೂ ಇದನ್ನು ಮಾಡಬಹುದು. ನಿಮ್ಮ ಲೆಕ್ಕಕ್ಕೆ ಸ್ವಲ್ಪ ಹೆಚ್ಚಿನ ವಿವರ ಬೇಕಿರುವುದರಿಂದ ಕಾನ್ಫಿಗರೇಶನ್ ಫೈಲಿನ ಟೆಂಪ್ಲೇಟ್ ವಿಭಾಗದಲ್ಲಿ ಬರೆದರೆ ಎಲ್ಲವೂ ಒಂದೇ ಕಡೆ ಕಣ್ಣಿಗೆ ಬೀಳುತ್ತದೆ. ಅಟ್ರಿಬ್ಯೂಟನ್ನು ಓದುವ ಫಂಕ್ಷನ್ನಿನ ಹೆಸರು ಸ್ಟೇಟ್ ಮತ್ತು ಅಟ್ರ್ ಎಂಬ ಎರಡು ತುಂಡುಗಳನ್ನು ಅಂಡರ್‌ಸ್ಕೋರಿನಿಂದ ಜೋಡಿಸಿದಂಥದ್ದು. ಅದರ ಆವರಣದೊಳಗೆ ಮೊದಲು ಎಂಟಿಟಿಯ ಐಡಿಯನ್ನೂ, ಅಲ್ಪವಿರಾಮದ ನಂತರ ಅಟ್ರಿಬ್ಯೂಟ್‌ನ ಹೆಸರನ್ನೂ, ಎರಡನ್ನೂ ಉದ್ಧರಣ ಚಿಹ್ನೆಯೊಳಗೆ ಕೊಡಬೇಕು. ಬಂದ ಮೌಲ್ಯವನ್ನು ಫ್ಲೋಟ್ ಫಿಲ್ಟರಿನ ಮೂಲಕ ಸಂಖ್ಯೆಯಾಗಿಸಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಯುನಿಟ್ ಶೇಕಡಾ ಚಿಹ್ನೆ, ಸ್ಟೇಟ್ ಕ್ಲಾಸ್ ಮೆಷರ್‌ಮೆಂಟ್ ಎಂದಿರಲಿ, ಒಂದು ಯೂನಿಕ್ ಐಡಿಯನ್ನೂ ಕೊಡಿ. ಯೂನಿಕ್ ಐಡಿ ಇದ್ದರೆ ಮುಂದೆ ಹೆಸರು, ಐಕಾನ್‌ಗಳನ್ನು ಪರದೆಯಿಂದಲೇ ಬದಲಿಸಬಹುದು. ಒಮ್ಮೆ ಟೆಂಪ್ಲೇಟ್ ಎಂಟಿಟಿಗಳು ಲೋಡ್ ಆಗಿದ್ದರೆ, ಆಮೇಲಿನ ತಿದ್ದುಪಡಿಗಳಿಗೆ ಇಡೀ ವ್ಯವಸ್ಥೆಯನ್ನು ರೀಸ್ಟಾರ್ಟ್ ಮಾಡಬೇಕಿಲ್ಲ. ಡೆವಲಪರ್ ಟೂಲ್ಸ್‌ನಿಂದ ಟೆಂಪ್ಲೇಟ್‌ಗಳನ್ನಷ್ಟೇ ರಿಲೋಡ್ ಮಾಡಿದರೆ ಸಾಕು. ಬರೆದದ್ದನ್ನು ಉಳಿಸುವ ಮೊದಲು ಅಲ್ಲಿಯೇ ಇರುವ ಟೆಂಪ್ಲೇಟ್ ಪುಟದಲ್ಲಿ ಅಂಟಿಸಿ ನೋಡಿದರೆ ಫಲಿತಾಂಶ ಕೂಡಲೇ ಕಾಣುತ್ತದೆ.

ಇನ್ನು ಲೆಕ್ಕ. ಟ್ಯಾಂಕ್ ತುಂಬಿದಾಗ ಸೆನ್ಸರಿನಿಂದ ನೀರಿಗೆ 25 ಸೆಂ.ಮೀ., ತಳದವರೆಗೆ 125 ಸೆಂ.ಮೀ. ಎಂದಿಟ್ಟುಕೊಳ್ಳಿ. ನಡುವಿನ 100 ಸೆಂ.ಮೀ. ಉಪಯೋಗದ ಎತ್ತರ. 125ರಿಂದ ಈಗಿನ ದೂರವನ್ನು ಕಳೆದು, 100ರಿಂದ ಭಾಗಿಸಿ, ಮತ್ತೆ 100ರಿಂದ ಗುಣಿಸಿದರೆ ಶೇಕಡಾ ಸಿಗುತ್ತದೆ. ದೂರ 61 ಇದ್ದರೆ ಟ್ಯಾಂಕ್ ಶೇ. 64 ತುಂಬಿದೆ ಎಂದರ್ಥ. ನಿಮ್ಮ ಟ್ಯಾಂಕಿನ ಎರಡು ಅಳತೆಗಳನ್ನು ಟೇಪ್ ಹಿಡಿದು ನೀವೇ ತೆಗೆದುಕೊಳ್ಳಿ. ಟ್ಯಾಂಕಿನ ಮೇಲೆ ಅಚ್ಚಾಗಿರುವ ಎತ್ತರದಲ್ಲಿ ಮುಚ್ಚಳದ ಗುಮ್ಮಟವೂ ಸೇರಿರಬಹುದಾದ್ದರಿಂದ ಅದನ್ನು ನೆಚ್ಚಿಕೊಳ್ಳಬೇಡಿ. ನೇರ ಗೋಡೆಯ ದುಂಡು ಟ್ಯಾಂಕಿಗೆ ಈ ಸರಳ ಲೆಕ್ಕ ಸಾಕಾಗುತ್ತದೆ. ಅಡ್ಡ ಮಲಗಿಸಿದ ಟ್ಯಾಂಕಾದರೆ ಎತ್ತರಕ್ಕೂ ಲೀಟರಿಗೂ ನೇರ ಅನುಪಾತ ಇರುವುದಿಲ್ಲ.

ಮೇಲಿನ 25 ಸೆಂ.ಮೀ. ಅಂತರವನ್ನು ನಾನು ಸುಮ್ಮನೆ ಆರಿಸಿದ್ದಲ್ಲ. ನೀರು ಬಿದ್ದರೂ ಕೆಡದ ಜೆಎಸ್ಎನ್-ಎಸ್ಆರ್04ಟಿ ಮಾದರಿಯ ಸೆನ್ಸರುಗಳು ಸುಮಾರು 20ರಿಂದ 25 ಸೆಂ.ಮೀ.ಗಿಂತ ಹತ್ತಿರದ ದೂರವನ್ನು ಸರಿಯಾಗಿ ಅಳೆಯಲಾರವು. ಟ್ಯಾಂಕ್ ತುಂಬಿ ನೀರು ಆ ಕುರುಡು ವಲಯಕ್ಕೆ ಬಂದ ಕೂಡಲೇ ಅಂಕಿ ಹುಚ್ಚುಚ್ಚಾಗಿ ಕುಣಿಯತೊಡಗುತ್ತದೆ. ಸೆನ್ಸರನ್ನು ಅಷ್ಟು ಎತ್ತರಕ್ಕೆ ಕೂರಿಸಲು ಮುಚ್ಚಳದ ಮೇಲೆ ಪಿವಿಸಿ ಪೈಪಿನ ಒಂದು ಅಗಲವಾದ ತುಂಡನ್ನು ನಿಲ್ಲಿಸುವುದು ಸುಲಭ ಉಪಾಯ. ಆದರೆ ಪೈಪ್ ಕಿರಿದಾದರೆ ಶಬ್ದದ ಅಲೆ ಅದರ ಗೋಡೆಗೇ ಬಡಿದು ಹಿಂತಿರುಗುತ್ತದೆ.

ಶಬ್ದದ ವೇಗವೂ ಒಂದು ವಿಷಯ. ಗಾಳಿಯಲ್ಲಿ ಅದು 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355 ಮೀಟರ್. ಸೆನ್ಸರಿನ ಫರ್ಮ್‌ವೇರ್ (ಒಳಗಿನ ತಂತ್ರಾಂಶ) 343 ಎಂದೇ ಹಿಡಿದಿದ್ದರೆ, ಬಿಸಿಲಿಗೆ ಕಾದ ಟ್ಯಾಂಕಿನೊಳಗೆ ಒಂದು ಮೀಟರ್ ದೂರವನ್ನು ಅದು ಸುಮಾರು ಮೂರೂವರೆ ಸೆಂಟಿಮೀಟರ್ ಕಡಿಮೆ ಎಂದು ಓದುತ್ತದೆ; ಅಂದರೆ ನಡುಹಗಲಲ್ಲಿ ಯಾರೂ ನೀರು ಬಿಡದೆಯೇ ಟ್ಯಾಂಕಿನ ಮಟ್ಟ ಮೂರು ಶೇಕಡಾ ಏರಿದಂತೆ ಕಾಣಬಹುದು. ಇದನ್ನು ತಿದ್ದಲು ಹೆಚ್ಚು ಶ್ರಮಪಡಬೇಕಾಗಿಲ್ಲ. ಶೇಕಡಾವನ್ನು ಪೂರ್ಣಾಂಕಕ್ಕೆ ಇಳಿಸಿ ತೋರಿಸಿ, ದಶಮಾಂಶ ಬೇಡ. ನೀರು ಬೀಳುವಾಗಿನ ಅಲೆಗಳಿಂದಲೂ, ಮಳೆಗಾಲದಲ್ಲಿ ಸೆನ್ಸರಿನ ಮುಖಕ್ಕೆ ಹತ್ತುವ ಹನಿಗಳಿಂದಲೂ ನಡುನಡುವೆ ಬರುವ ದಾರಿತಪ್ಪಿದ ಅಂಕಿಗಳಿಗೆ ಮಾತ್ರ ಮದ್ದು ಬೇಕು. ಸೆನ್ಸರ್ ಇಎಸ್‌ಪಿಹೋಮ್‌ನಲ್ಲಿ (ಸಣ್ಣ ವೈಫೈ ಚಿಪ್‌ಗಳಿಗೆ ಫರ್ಮ್‌ವೇರ್ ತಯಾರಿಸುವ ವ್ಯವಸ್ಥೆ) ನಡೆಯುತ್ತಿದ್ದರೆ ಅಲ್ಲಿಯೇ ಮೀಡಿಯನ್ ಫಿಲ್ಟರ್ ಹಾಕಿ, ಐದು ಅಳತೆಗಳಲ್ಲಿ ನಡುವಿನದನ್ನು ಮಾತ್ರ ಕಳುಹಿಸುವಂತೆ ಮಾಡಿ. ಸರಾಸರಿಗಿಂತ ಇದು ಮೇಲು. ಒಂದು ತಪ್ಪು ಅಂಕಿ ಸರಾಸರಿಯನ್ನು ಎಳೆದಾಡುವಂತೆ ಮೀಡಿಯನ್ನನ್ನು ಎಳೆದಾಡಲಾರದು.

ಈಗ ಬಹಳ ಎಚ್ಚರ ವಹಿಸಬೇಕಾದ ಜಾಗಕ್ಕೆ ಬರುತ್ತೇನೆ. ಟೆಂಪ್ಲೇಟ್ ಬರೆಯುವಾಗ ದೋಷದ ಸಂದೇಶ ಬಾರದಿರಲಿ ಎಂದು ಫ್ಲೋಟ್ ಫಿಲ್ಟರಿನ ಆವರಣದಲ್ಲಿ ಸೊನ್ನೆ ಹಾಕುವ ರೂಢಿ ವ್ಯಾಪಕವಾಗಿದೆ. ಸಂಖ್ಯೆ ಸಿಗದಿದ್ದರೆ ಸೊನ್ನೆ ಎಂದು ಹಿಡಿ ಎಂಬುದು ಅದರ ಅರ್ಥ. ಗಾಳಿಮಳೆಗೆ ಕರೆಂಟ್ ಹೋಗಿಯೋ, ವೈಫೈ ಕಡಿದೋ ಸೆನ್ಸರ್ ಸಂಪರ್ಕ ತಪ್ಪಿದಾಗ ಎಂಟಿಟಿ ‘ಅನ್‌ಅವೈಲಬಲ್’ ಆಗುತ್ತದೆ. ಅದರ ಜೊತೆಗೆ ಈ ಬಗೆಯ ಅಟ್ರಿಬ್ಯೂಟ್‌ಗಳೂ ಸಾಮಾನ್ಯವಾಗಿ ಮಾಯವಾಗುತ್ತವೆ. ಆಗ ದೂರ ಸೊನ್ನೆಯಾಗಿ, 125ರಲ್ಲಿ ಸೊನ್ನೆ ಕಳೆದು, ಗೇಜ್ ಶೇ. 125 ತುಂಬಿದೆ ಎನ್ನುತ್ತದೆ. ನಿಮ್ಮ ಸೆನ್ಸರ್ ದೂರದ ಬದಲು ಮಟ್ಟವನ್ನೇ ಕಳುಹಿಸುವಂಥದ್ದಾಗಿದ್ದರೆ ಗೇಜ್ ಟ್ಯಾಂಕ್ ಪೂರ್ತಿ ಖಾಲಿ ಎನ್ನುತ್ತಿತ್ತು. ಮೊದಲನೆಯ ಸಂದರ್ಭದಲ್ಲಿ ಮನೆಯವರು ನೀರಿದೆ ಎಂದು ನಂಬಿ ಕೂರುತ್ತಾರೆ. ಎರಡನೆಯದರಲ್ಲಿ ತುಂಬಿದ ಟ್ಯಾಂಕಿಗೆ ಪಂಪ್ ಹಾಕುತ್ತಾರೆ. ಆಟೊಮೇಶನ್ ಆದರೆ ನಡುರಾತ್ರಿಯಲ್ಲೇ ಹಾಕಿ, ಬಾವಿಯಲ್ಲಿ ನೀರಿಲ್ಲದ ಮೇ ತಿಂಗಳಲ್ಲಿ ಮೋಟಾರನ್ನು ಬರಿದೇ ಓಡಿಸಿ ಸುಡಲೂ ಸಾಕು. ಗೊತ್ತಿಲ್ಲ ಎಂಬುದಕ್ಕೂ ಸೊನ್ನೆ ಎಂಬುದಕ್ಕೂ ಇರುವ ಅಂತರವನ್ನು ಅಳಿಸುವ ಗೇಜ್ ಮನೆಯಲ್ಲಿ ಇಲ್ಲದಿರುವುದೇ ಲೇಸು ಎಂದು ನಾನು ನಂಬಿದ್ದೇನೆ.

ಪರಿಹಾರ ಕಷ್ಟದ್ದಲ್ಲ. ಟೆಂಪ್ಲೇಟ್ ಸೆನ್ಸರಿಗೆ ಅವೈಲಬಿಲಿಟಿ ಎಂಬ ಇನ್ನೊಂದು ಸಾಲನ್ನು ಕೊಡಬಹುದು. ದೂರದ ಅಟ್ರಿಬ್ಯೂಟ್ ನಿಜಕ್ಕೂ ಸಂಖ್ಯೆಯೇ ಎಂದು ಪರೀಕ್ಷಿಸುವ ಈಸ್-ನಂಬರ್ ಫಿಲ್ಟರನ್ನು ಅಲ್ಲಿ ಬಳಸಿ, ಜೊತೆಗೆ ಆ ಸಂಖ್ಯೆ 20ಕ್ಕೂ 130ಕ್ಕೂ ನಡುವೆ ಇರಬೇಕೆಂಬ ಷರತ್ತನ್ನೂ ಸೇರಿಸಿ. ಷರತ್ತು ಸುಳ್ಳಾದರೆ ಹೊಸ ಸೆನ್ಸರ್ ‘ಅನ್‌ಅವೈಲಬಲ್’ ಆಗುತ್ತದೆ, ಗೇಜ್ ಜಾಗದಲ್ಲಿ ಅಂಕಿಯ ಬದಲು ಎಚ್ಚರಿಕೆ ಕಾಣುತ್ತದೆ. ನಿಮ್ಮ ತಾಯಿಯವರಿಗೆ ಹೇಳಿಕೊಡಬೇಕಾದದ್ದು ಇಷ್ಟೇ: ಎಚ್ಚರಿಕೆ ಕಂಡರೆ ಟ್ಯಾಬ್ಲೆಟ್ಟನ್ನು ನಂಬದೆ, ನಲ್ಲಿ ತಿರುಗಿಸಿಯೋ ಯಾರನ್ನಾದರೂ ತಾರಸಿಗೆ ಕಳುಹಿಸಿಯೋ ನೋಡಿಕೊಳ್ಳಬೇಕು. ಈ ಷರತ್ತು ದಾಟಿ ಬಂದ ಅಂಕಿಯನ್ನು ಸೊನ್ನೆಗಿಂತ ಕೆಳಗೂ ನೂರಕ್ಕಿಂತ ಮೇಲೂ ಹೋಗದಂತೆ ಮಿತಿಗೊಳಿಸಿದರೆ ಶೇ. 102ರಂಥ ವಿಚಿತ್ರಗಳು ಕಾಣುವುದಿಲ್ಲ. ಕ್ರಮ ಮಾತ್ರ ಹಿಂದುಮುಂದಾಗಬಾರದು. ಮೊದಲು ಪರೀಕ್ಷೆ, ಆಮೇಲೆ ಮಿತಿ.

ಸೆನ್ಸರ್ ಸತ್ತಿದ್ದರೂ ಕೊನೆಯ ಅಂಕಿ ಹಾಗೆಯೇ ಅಂಟಿಕೊಂಡಿರುವ ಸಂದರ್ಭವೂ ಉಂಟು. ಎಂಕ್ಯೂಟಿಟಿ (ಸಾಧನಗಳು ಟಾಪಿಕ್ ಎಂಬ ವಿಷಯದ ಹೆಸರಿನಡಿ ಚಿಕ್ಕ ಸಂದೇಶ ಕಳುಹಿಸುವ ಪದ್ಧತಿ) ಮೂಲಕ ಬರುವ ಸೆನ್ಸರುಗಳಲ್ಲಿ ಇದು ಹೆಚ್ಚು. ಶೇ. 70 ಎಂದು ತೋರಿಸುತ್ತಲೇ ಎರಡು ದಿನ ಕಳೆದುಹೋಗಬಹುದು. ಎಂಕ್ಯೂಟಿಟಿ ಸೆನ್ಸರಿನ ವ್ಯಾಖ್ಯೆಯಲ್ಲಿ ಎಕ್ಸ್‌ಪೈರ್ ಆಫ್ಟರ್ ಎಂಬ ಆಯ್ಕೆ ಇದೆ. ಅದಕ್ಕೆ ಸೆಕೆಂಡುಗಳಲ್ಲಿ ಅವಧಿ ಕೊಟ್ಟರೆ, ಅಷ್ಟರೊಳಗೆ ಹೊಸ ಸಂದೇಶ ಬಾರದಿದ್ದಾಗ ಸೆನ್ಸರ್ ತಾನಾಗಿ ‘ಅನ್‌ಅವೈಲಬಲ್’ ಆಗುತ್ತದೆ. ಐದು ನಿಮಿಷಕ್ಕೊಮ್ಮೆ ಅಳತೆ ಬರುವಂತಿದ್ದರೆ 900 ಸೆಕೆಂಡು ಕೊಡುವುದು ಸೂಕ್ತ. ಒಂದೆರಡು ಸಂದೇಶ ತಪ್ಪಿದರೂ ಗಾಬರಿಯಾಗುವುದಿಲ್ಲ. ಎಂಕ್ಯೂಟಿಟಿಯನ್ನೇ ಬಳಸುತ್ತಿರುವಿರಾದರೆ, ಅಟ್ರಿಬ್ಯೂಟ್ ಆಗಿಸಿ ಮತ್ತೆ ಹೊರತೆಗೆಯುವ ಸುತ್ತುದಾರಿಯೂ ಬೇಡ. ಅದೇ ಟಾಪಿಕ್‌ನಿಂದ ದೂರವನ್ನು ವ್ಯಾಲ್ಯೂ ಟೆಂಪ್ಲೇಟ್ ಮೂಲಕ ನೇರವಾಗಿ ಇನ್ನೊಂದು ಸೆನ್ಸರಿನ ಸ್ಟೇಟ್ ಆಗಿ ಓದಿಕೊಳ್ಳಬಹುದು.

ಪಂಪಿನ ಆಟೊಮೇಶನ್ ವಿಷಯ. ನ್ಯೂಮರಿಕ್ ಸ್ಟೇಟ್ ಟ್ರಿಗರ್ (ಅಂಕಿ ಒಂದು ಗಡಿ ದಾಟಿದಾಗ ಆಟೊಮೇಶನ್ ಶುರು ಮಾಡುವ ಷರತ್ತು) ‘ಅನ್‌ಅವೈಲಬಲ್’ ಆದ ಸೆನ್ಸರನ್ನು ಕಂಡು ಚಾಲನೆಗೊಳ್ಳುವುದಿಲ್ಲ, ಆದ್ದರಿಂದ ಸೆನ್ಸರ್ ಸತ್ತಾಗ ಪಂಪ್ ತಾನಾಗಿ ಶುರುವಾಗುವ ಭಯವಿಲ್ಲ. ಭಯವಿರುವುದು ಪಂಪ್ ಓಡುತ್ತಿರುವಾಗಲೇ ಸೆನ್ಸರ್ ಸತ್ತರೆ, ಶೇ. 95ಕ್ಕೆ ನಿಲ್ಲಿಸು ಎಂಬ ಗಡಿ ಆಗ ಬರುವುದೇ ಇಲ್ಲ. ಸೆನ್ಸರ್ ‘ಅನ್‌ಅವೈಲಬಲ್’ ಆದೊಡನೆ ಪಂಪ್ ನಿಲ್ಲಿಸುವ ಇನ್ನೊಂದು ಆಟೊಮೇಶನ್ ಬರೆಯಿರಿ, ಅದರ ಮೇಲೆ ಗರಿಷ್ಠ ಅವಧಿಯ ಮಿತಿಯನ್ನೂ ಇಡಿ. ಹೋಮ್ ಅಸಿಸ್ಟೆಂಟ್ ನಡೆಯುವ ಕಂಪ್ಯೂಟರೇ ನಿಂತರೂ ಕೆಲಸ ಮಾಡುವಂತೆ ಆ ಮಿತಿಯನ್ನು ರಿಲೇಯಲ್ಲಿಯೇ ಹಾಕಬಹುದಾದರೆ ಇನ್ನೂ ಉತ್ತಮ. ಬಾವಿಯಲ್ಲಿ ನೀರಿದೆಯೇ ಎಂಬುದನ್ನು ಟ್ಯಾಂಕಿನ ಸೆನ್ಸರ್ ಹೇಳಲಾರದು, ಅದಕ್ಕೆ ಡ್ರೈ ರನ್ ರಕ್ಷಣೆಯುಳ್ಳ (ನೀರಿಲ್ಲದಾಗ ಮೋಟಾರನ್ನು ನಿಲ್ಲಿಸುವ) ಸ್ಟಾರ್ಟರ್ ಬೇಕು.

ಅಂಕಿ ಸಿದ್ಧವಾದ ಮೇಲೆ ಗೇಜ್ ಕಾರ್ಡಿನ ಕೆಲಸ ಸುಲಭ. ನಾವು ಹೇಳದಿದ್ದರೆ ಕಾರ್ಡ್ ಕನಿಷ್ಠ 0, ಗರಿಷ್ಠ 100 ಎಂದು ಹಿಡಿಯುತ್ತದೆ. ಟ್ಯಾಂಕಿಗೆ ಅದು ಸರಿಯಾಗಿಯೇ ಹೊಂದುತ್ತದೆ. ಸಿವೆರಿಟಿ ಎಂಬಲ್ಲಿ ಪ್ರತಿ ಬಣ್ಣಕ್ಕೆ ಕೊಡುವ ಅಂಕಿ ಆ ಬಣ್ಣ ಆರಂಭವಾಗುವ ಜಾಗ. ಟ್ಯಾಂಕಿಗೆ ಕೆಂಪು 0, ಹಳದಿ 20, ಹಸಿರು 40 ಎಂದು ಕೊಡಿ. ನೀಡಲ್ ಆಯ್ಕೆಯನ್ನು ಚಾಲೂ ಮಾಡಿದರೆ ಮೂರೂ ಬಣ್ಣಗಳು ಕಮಾನಿನ ಮೇಲೆ ಕಾಣುತ್ತ ಮುಳ್ಳು ಅವುಗಳ ನಡುವೆ ನಿಲ್ಲುತ್ತದೆ. ಮಾಡದಿದ್ದರೆ ಕಮಾನು ಈಗಿನ ಮಟ್ಟದ ಒಂದೇ ಬಣ್ಣದಲ್ಲಿ ತುಂಬುತ್ತದೆ. ಅಡುಗೆಮನೆಯಲ್ಲಿ ಕೆಲಸದ ನಡುವೆ ದೂರದಿಂದ ನೋಡುವವರಿಗೆ ಮುಳ್ಳಿರುವುದೇ ಒಳ್ಳೆಯದು. ಕೆಂಪಿಗೆ ಇನ್ನೆಷ್ಟು ದೂರವಿದೆ ಎಂಬುದು ಅಂಕಿ ಓದದೆಯೇ ತಿಳಿಯುತ್ತದೆ. ಕಾರ್ಡಿನ ಹೆಸರನ್ನು ‘ಟ್ಯಾಂಕ್ ನೀರು’ ಎಂದು ಕನ್ನಡದಲ್ಲೇ ಬರೆಯಿರಿ.

ತೇವಾಂಶದ ವಿಷಯದಲ್ಲಿ ನಾನು ಸ್ವಲ್ಪ ಬೇರೆಯ ಸಲಹೆ ಕೊಡಬೇಕಾಗಿದೆ. ಹವಾಮಾನ ಎಂಟಿಟಿಯ ತೇವಾಂಶವನ್ನು ಇದೇ ವಿಧಾನದಲ್ಲಿ ಸೆನ್ಸರ್ ಮಾಡಿಕೊಳ್ಳಬಹುದು. ಈಗಿನ ತಾಪಮಾನ, ತೇವಾಂಶ, ಒತ್ತಡಗಳು ಇಂದಿಗೂ ಅಟ್ರಿಬ್ಯೂಟ್‌ಗಳಾಗಿಯೇ ಬರುತ್ತವೆ. ಮುನ್ಸೂಚನೆ ಮಾತ್ರ 2024ರ ಏಪ್ರಿಲ್ ಆವೃತ್ತಿಯಿಂದ ಅಟ್ರಿಬ್ಯೂಟ್‌ಗಳಿಂದ ಹೊರಹೋಗಿ ಪ್ರತ್ಯೇಕ ಆ್ಯಕ್ಷನ್ ಮೂಲಕ ಪಡೆಯುವಂಥದ್ದಾಗಿದೆ. ಆದರೆ ಆ ತೇವಾಂಶ ನಿಮ್ಮ ಮನೆಯೊಳಗಿನದಲ್ಲ, ನಿಮ್ಮ ಪ್ರದೇಶದ ಹೊರಗಾಳಿಯದು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅದು ದಿನವಿಡೀ ತೊಂಬತ್ತರ ಆಸುಪಾಸಿನಲ್ಲಿದ್ದರೂ ಅಚ್ಚರಿಯಿಲ್ಲ. ಅರವತ್ತರ ಮೇಲೆ ಕೆಂಪು ಎಂದು ಎಲ್ಲಿಯೋ ಕಂಡ ಮಾದರಿಯನ್ನು ನಕಲು ಮಾಡಿದರೆ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೇಜ್ ಕೆಂಪಾಗಿಯೇ ಇರುತ್ತದೆ, ಸದಾ ಕೆಂಪಾಗಿರುವುದನ್ನು ಮನೆಯವರು ನೋಡುವುದನ್ನೇ ಬಿಡುತ್ತಾರೆ. ನಿಮಗೆ ನಿಜಕ್ಕೂ ಬೇಕಿರುವುದು ಬಟ್ಟೆಯ ಕಪಾಟಿಗೋ ಪುಸ್ತಕಗಳಿಗೋ ಬೂಸ್ಟು ಹಿಡಿಯುತ್ತದೆಯೇ ಎಂಬ ಮಾಹಿತಿಯಾಗಿದ್ದರೆ, ಆ ಕೋಣೆಯಲ್ಲೇ ಒಂದು ಸಣ್ಣ ತೇವಾಂಶ ಸೆನ್ಸರ್ ಇಡಿ, ಹಳದಿಯನ್ನು 70ಕ್ಕೆ, ಕೆಂಪನ್ನು 80ಕ್ಕೆ ಇಡಿ. ಬೂಸ್ಟು ಬರುವುದು ಒಂದು ಕ್ಷಣದ ಅಂಕಿಯಿಂದಲ್ಲ, ಬಹುಕಾಲ ಹಾಗೆಯೇ ಉಳಿಯುವ ತೇವದಿಂದ. ಆದ್ದರಿಂದ ಗೇಜ್‌ಗಿಂತ ವಾರದ ಹಿಸ್ಟರಿ ಗ್ರಾಫ್ ಅಲ್ಲಿ ಹೆಚ್ಚು ಹೇಳುತ್ತದೆ.

ಏಸಿಯ ಕೋಣೆ ತಾಪಮಾನ ಕ್ಲೈಮೇಟ್ ಎಂಟಿಟಿಯ ಕರೆಂಟ್ ಟೆಂಪರೇಚರ್ ಎಂಬ ಅಟ್ರಿಬ್ಯೂಟ್‌ನಲ್ಲಿದೆ. ಟೆಂಪರೇಚರ್ ಎಂದಷ್ಟೇ ಹೆಸರಿರುವುದು ನೀವು ರಿಮೋಟಿನಲ್ಲಿ ಇಟ್ಟ ಗುರಿ. ಎರಡನ್ನೂ ಅದಲುಬದಲು ಮಾಡದಿರಿ. ಗೇಜ್ ಮಿತಿಯನ್ನು 16ರಿಂದ 40ಕ್ಕೆ ಇಟ್ಟರೆ ಸಾಕು. ಗೋಡೆಯ ಮೇಲ್ಭಾಗದಲ್ಲಿರುವ ಏಸಿ ಅಳೆಯುವುದು ಅಲ್ಲಿನ ಗಾಳಿಯನ್ನು ಎಂಬುದೂ ನೆನಪಿರಲಿ.

ನಿಮ್ಮ ಪಟ್ಟಿಗೆ ಮುಂದೆ ಇನ್ವರ್ಟರ್ ಸೇರಿದರೆ, 0ರಿಂದ 100ರ ಗೇಜ್‌ನಲ್ಲಿ 12.6 ವೋಲ್ಟ್ ಎಡ ತುದಿಯಲ್ಲೇ ಬಿದ್ದಿರುತ್ತದೆ, ಏನನ್ನೂ ಹೇಳುವುದಿಲ್ಲ. 12 ವೋಲ್ಟಿನ ಲೆಡ್ ಆ್ಯಸಿಡ್ ಬ್ಯಾಟರಿಗೆ 10.5ರಿಂದ 15 ಎಂದು ಮಿತಿ ಕೊಡಿ. ವೈಫೈ ಸಿಗ್ನಲ್ ಋಣಸಂಖ್ಯೆಯಲ್ಲಿ ಬರುವುದರಿಂದ ಅದಕ್ಕೆ ಕನಿಷ್ಠ −100, ಗರಿಷ್ಠ −30 ಬೇಕು. ತಾರಸಿಯ ಸೆನ್ಸರಿಗೆ ಈ ಗೇಜನ್ನು ಕೆಲವು ದಿನ ಇಟ್ಟು ನೋಡುವಂತೆ ನಾನು ಒತ್ತಾಯಿಸುತ್ತೇನೆ. ಮುರಕಲ್ಲಿನ ದಪ್ಪ ಗೋಡೆ, ಮೇಲೆ ಕಾಂಕ್ರೀಟ್ ಚಪ್ಪಡಿ, ಅದರ ಮೇಲೆ ನೀರು ತುಂಬಿದ ಟ್ಯಾಂಕ್ ಇರುವಲ್ಲಿ ಸಿಗ್ನಲ್ −80ಕ್ಕಿಂತ ಕೆಳಗಿಳಿದರೆ ಸಂಪರ್ಕ ಆಗಾಗ ಕಡಿಯುತ್ತದೆ. ಆಗ ಟೆಂಪ್ಲೇಟ್ ತಿದ್ದುವ ಬದಲು ರೂಟರಿನ ಜಾಗ ಬದಲಿಸಬೇಕು.

ಎಲ್ಲ ಮುಗಿದ ಮೇಲೆ, ಟ್ಯಾಬ್ಲೆಟ್ಟನ್ನು ತಾಯಿಯವರಿಗೆ ಒಪ್ಪಿಸುವ ಮೊದಲು, ಟ್ಯಾಂಕಿನ ಸೆನ್ಸರಿನ ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ. ಗೇಜ್‌ನಲ್ಲಿ ಎಚ್ಚರಿಕೆ ಬಂದರೆ ಪ್ಲಗ್ ಮತ್ತೆ ಹಾಕಿ, ಸೆನ್ಸರಿನ ಮುಂದೆ ಸುಮಾರು 75 ಸೆಂ.ಮೀ. ದೂರದಲ್ಲಿ ಒಂದು ಹಲಗೆ ಹಿಡಿದು ಮುಳ್ಳು ಐವತ್ತರ ಹತ್ತಿರ ನಿಲ್ಲುತ್ತದೆಯೇ ಎಂದು ನೋಡಿ. ಪ್ಲಗ್ ಕಿತ್ತರೂ ಮುಳ್ಳು ಯಾವುದೋ ಅಂಕಿಯ ಮೇಲೆ ನಿಂತೇ ಇದ್ದರೆ, ಅವೈಲಬಿಲಿಟಿಯ ಸಾಲಿಗೆ ಇಲ್ಲವೇ ಎಕ್ಸ್‌ಪೈರ್ ಆಫ್ಟರ್ ಆಯ್ಕೆಗೆ ಹಿಂತಿರುಗಿ ಅದನ್ನು ಸರಿಪಡಿಸಿ. ಪಂಪಿನ ಆಟೊಮೇಶನ್ನನ್ನು ಅಲ್ಲಿಯವರೆಗೆ ಚಾಲೂ ಮಾಡಬೇಡಿ.